‘ನಮ್ಮ’ ಎಂಬ ಪದವನ್ನು ಹೊಡೆದು ಹಾಕುತ್ತಿದ್ದವಳು

‘ನಮ್ಮ ಎಂಕ್ವೈರಿಯಮ್ಮ’ ಎಂದು ಶುರು ಮಾಡಿ, ಮೊದಲ ಪದವನ್ನು ಹೊಡೆದು ಹಾಕಿದ್ದಾಗಿದೆ. ಆಕೆಯ ವಿಷಯ ಬರೆಯುವವರು ಅಷ್ಟಾದರೂ ಮರ್ಯಾದೆ ತೋರಿಸಬೇಕು. ಆ ಒಂದು ಪದದ ಮೇಲೆ ಆಕೆಗಿದ್ದ ಸಿಟ್ಟು ಅಂಥಿಂಥದ್ದಲ್ಲ.

ಅದಕ್ಕೆ ಕಾರಣವೂ ಇತ್ತು. ಟೆಲಿಫೋನ್ ಎಕ್ಸ್‌ಚೇಂಜಿನ ಎರಡನೇ ಮಹಡಿಯಲ್ಲಿ, ಕಿಟಕಿಗೆ ಬೆನ್ನು ಹಾಕಿದ ಸಾಲಿನ ಮೂರನೇ ಕುರ್ಚಿಯಲ್ಲಿ ಆಕೆ ಇಪ್ಪತ್ತೆಂಟು ವರ್ಷ ಕೂತವಳು. ತಲೆಗೆ ಹೆಡ್‌ಫೋನು, ಎದುರಿಗೆ ಅಂಚು ಸವೆದ ಡೈರೆಕ್ಟರಿ. ಯಾರ ನಂಬರು ಬೇಕೆಂದರೂ ಜನ ವಿಚಾರಣೆಗೆ ಫೋನು ಮಾಡಿ ಆಕೆಯನ್ನೇ ಕೇಳಬೇಕು. ಜನವೋ, ಹೆಸರು ಹೇಳುವ ಜಾತಿಯೇ ಅಲ್ಲ. ‘ನಮ್ಮ ಟೈಲರ ನಂಬರ್ ಕೊಡಿ’, ‘ನಮ್ಮ ಮೇಷ್ಟ್ರ ಮನೆಗೆ ಹಾಕಿ’. ಊರಲ್ಲಿ ನಲವತ್ತು ಟೈಲರುಗಳು, ಇನ್ನೂರು ಮೇಷ್ಟ್ರುಗಳು. ಹೊಸದರಲ್ಲಿ ಒಂದು ಸಲ ಹಾಲಿನವನೊಬ್ಬ ಏದುಸಿರು ಬಿಡುತ್ತ, ಹೆರಿಗೆ ನೋವು ಶುರುವಾಗಿದೆ, ನಮ್ಮ ಡಾಕ್ಟರ ನಂಬರ್ ಕೊಡಿ ಎಂದ. ದನಿ ಗುರುತು ಸಿಕ್ಕಿತು. ಹಿಂದಿನ ವಾರವಷ್ಟೇ ಎಮ್ಮೆಗೆ ಕಾಲುನೋವೆಂದು ಫೋನು ಮಾಡಿದ್ದವನು. ಈಕೆ ಮಹಾ ಜಾಣೆಯ ಹಾಗೆ ಪಶುವೈದ್ಯರ ನಂಬರು ಕೊಟ್ಟಳು. ಅವರು ಬಂದು ನೋಡಿದರೆ ಹೆರಿಗೆ ಎಮ್ಮೆಯದಲ್ಲ, ಹೆಂಡತಿಯದು. ಪುಣ್ಯಾತ್ಮರು ತಮ್ಮ ಜೀಪಿನಲ್ಲೇ ಹೋಗಿ ಸರಿಯಾದ ಡಾಕ್ಟರನ್ನು ಕರೆತಂದರು, ತಾಯಿ ಮಗು ಕ್ಷೇಮ. ಎಕ್ಸ್‌ಚೇಂಜಿನಲ್ಲಿ ಮಾತ್ರ ಈಕೆಗೆ ಮೆಮೊ ಬಂತು. ಅವತ್ತಿನಿಂದ ಯಾರು ಫೋನು ಮಾಡಿದರೂ ಒಂದೇ ಪ್ರಶ್ನೆ: “ಯಾರ ‘ನಮ್ಮ’, ಸ್ವಾಮಿ? ಹೆಸರು ಹೇಳಿ.”

ಎಂಕ್ವೈರಿಯಮ್ಮ ಎಂಬ ಹೆಸರು ಬಿದ್ದದ್ದು ಹಾಗೆ. ಗಂಡ, ಬಸ್ ಡಿಪೋದಲ್ಲಿ ಟೈಮ್‌ಕೀಪರು, ಪ್ರೀತಿ ಬಂದಾಗ ಎಂಕ್ವೈರಿ ಎನ್ನುತ್ತಿದ್ದ, ಸಿಟ್ಟು ಬಂದಾಗ ಎಂಕ್ವೈರಿ ಕಮಿಷನ್ ಎನ್ನುತ್ತಿದ್ದ.

ಆಮೇಲೆ ವಿಚಾರಣೆಯ ಕುರ್ಚಿಗಳಿಗೆ ಕೊನೆಗಾಲ ಬಂತು. ಒಂದು ಯಂತ್ರ ತಂದಿಟ್ಟು, ಅದರೊಳಗೆ ಯಾರದೋ ತಣ್ಣಗಿನ ದನಿ ತುಂಬಿಸಿ, ಆರು ಜನರನ್ನು ಬಿಲ್ಲಿನ ವಿಭಾಗಕ್ಕೆ ತಳ್ಳಿದರು. ಎಂಕ್ವೈರಿಯಮ್ಮ ಎಂಟು ತಿಂಗಳು ಅಲ್ಲಿ ಬಿಲ್ಲಿಗೆ ಸೀಲು ಹೊಡೆದಳು. ಒಂದು ದಿನ ಸೀಲನ್ನು ಮೇಜಿನ ಮೇಲಿಟ್ಟು ಸ್ವಯಂ ನಿವೃತ್ತಿಯ ಅರ್ಜಿ ಬರೆದುಕೊಟ್ಟಳು. ಮನೆಯಲ್ಲಿ ಒಂದು ವಾರ ಕಪಾಟು ಜೋಡಿಸಿದಳು, ಎರಡನೇ ವಾರ ಜೋಡಿಸಿದ್ದನ್ನೇ ತೆಗೆದು ಮತ್ತೆ ಜೋಡಿಸಿದಳು. ಗಂಡನಿಗೆ ದಿಗಿಲಾಯಿತು. ಡಿಪೋದವರು ಹಳೆಯ ಕಂಪ್ಯೂಟರುಗಳನ್ನು ತೆಗೆದುಹಾಕುವಾಗ ಒಂದನ್ನು ಹೊತ್ತು ತಂದು ಊಟದ ಮೇಜಿನ ತುದಿಯಲ್ಲಿ ಇಟ್ಟ.

ಆ ಕಾಲಕ್ಕೆ ಅಂತರ್ಜಾಲದಲ್ಲಿ ಒಂದು ದೊಡ್ಡ ಪಟ್ಟಿ ಇತ್ತು. ಲೋಕದ ಜಾಲತಾಣಗಳನ್ನು ಮನುಷ್ಯರೇ ಕೂತು ಓದಿ, ಆರಿಸಿ, ವಿಭಾಗ ಮಾಡಿ ಜೋಡಿಸಿದ ಪಟ್ಟಿ. ಒಂದೊಂದು ಭಾಷೆಗೆ ಒಂದೊಂದು ಕವಲು, ಕವಲಿಗೊಬ್ಬ ಮೇಲ್ವಿಚಾರಕ, ವಿಭಾಗಕ್ಕೊಬ್ಬ ಸಂಪಾದಕ. ಸಂಬಳ ಯಾರಿಗೂ ಇಲ್ಲ. ಎಂಕ್ವೈರಿಯಮ್ಮನ ಕಣ್ಣಿಗೆ ಅದು ಬಿದ್ದದ್ದೇ ತಡ, ಕಳೆದುಹೋದ ಡೈರೆಕ್ಟರಿ ಸಿಕ್ಕ ಹಾಗಾಯಿತು. ಅರ್ಜಿ ಹಾಕಿದಳು. ಮೊದಲ ಸಲ ತಿರಸ್ಕೃತ. ಮಾದರಿಗೆಂದು ಬರೆದ ಮೂರು ವಿವರಣೆಗಳಲ್ಲಿ ಒಂದು ಕಡೆ ‘ಉತ್ತಮ’ ಎಂಬ ಪದ ಹಾಕಿದ್ದಳಂತೆ. ಏನಿದೆ ಎಂದು ಹೇಳಿ, ಹೇಗಿದೆ ಎಂದು ಹೇಳಬೇಡಿ ಎಂದು ಮೇಲ್ವಿಚಾರಕ ಒಂದೇ ಸಾಲು ಬರೆದಿದ್ದ. ಬೇರೆಯವರಾದರೆ ಮುಖ ಸೊಟ್ಟಗೆ ಮಾಡಿಕೊಂಡು ಎದ್ದುಹೋಗುತ್ತಿದ್ದರು. ಈಕೆ ಅದನ್ನು ಕಾಗದದ ಮೇಲೆ ದಪ್ಪಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ, ಎರಡನೇ ಸಲ ಅರ್ಜಿ ಹಾಕಿ, ‘ದುರಸ್ತಿ’ ಎಂಬ ವಿಭಾಗಕ್ಕೆ ಸಂಪಾದಕಿಯಾದಳು.

ಗಡಿಯಾರ, ರೇಡಿಯೊ, ಕೊಡೆ, ಶಾಯಿ ಪೆನ್ನು, ಹೊಲಿಗೆ ಯಂತ್ರ, ಏನೇ ಕೆಟ್ಟರೂ ಸರಿಮಾಡುವವರ ತಾಣಗಳೆಲ್ಲ ಆಕೆಯ ಪಾಲಿಗೆ ಬಂದವು. ಊಟವಾಗಿ ಪಾತ್ರೆ ಒರೆಸಿಟ್ಟು ಎರಡು ಗಂಟೆಗೆ ಕೂತರೆ ಐದಕ್ಕೆ ಏಳುವಳು. ಪ್ರತಿ ತಾಣವನ್ನೂ ತುದಿಯಿಂದ ತುದಿಗೆ ಓದಬೇಕು, ಎರಡು ಸಾಲಿನ ವಿವರಣೆ ಬರೆಯಬೇಕು, ಅನುಮಾನವಿದ್ದರೆ ಸಂಪಾದಕರಿಗಷ್ಟೇ ಕಾಣುವ ಒಳಟಿಪ್ಪಣಿಯಲ್ಲಿ ದಾಖಲಿಸಬೇಕು. ಇಷ್ಟು ನಿಯಮ. ಇದರ ಮೇಲೆ ತನ್ನದೊಂದು ನಿಯಮವನ್ನು ಆಕೆ ಸೇರಿಸಿಕೊಂಡಳು: ತಾಣದಲ್ಲಿರುವ ನಂಬರಿಗೆ ಫೋನು ಮಾಡಿ ಅಂಗಡಿ ನಿಜವಾಗಿಯೂ ಇದೆಯೋ ಎಂದು ಕೇಳುವುದು. ಹಾಗೆ ಮಾಡಿದ್ದರಿಂದಲೇ ಕೊಡೆ ರಿಪೇರಿಯ ಮುದುಕನೊಬ್ಬನ ಪರಿಚಯವಾಯಿತು. ತಾಣ ಮಾಡಿಕೊಟ್ಟದ್ದು ಮೊಮ್ಮಗಳು; ಅವನಿಗೆ ಅದು ಏನೆಂದೇ ಗೊತ್ತಿಲ್ಲ. ಪಟ್ಟಿಗೆ ಸೇರಿಸುತ್ತೇನೆ ಎಂದರೆ, ಸೇರಿಸಿ ತಾಯಿ, ಆದರೆ ಕೊಡೆಯನ್ನು ಒಣಗಿಸಿ ತರೋದಕ್ಕೆ ಹೇಳಿ ಎಂದ. ಆಕೆ ವಿವರಣೆಯಲ್ಲಿ ಬರೆದಳು: ‘ಕೊಡೆಗಳ ದುರಸ್ತಿ. ಕಡ್ಡಿ, ಹಿಡಿ, ಬಟ್ಟೆ ಬದಲಾವಣೆ. ಒಣಗಿದ ಕೊಡೆಗಳನ್ನು ಮಾತ್ರ ತೆಗೆದುಕೊಳ್ಳಲಾಗುತ್ತದೆ.’ ಇಂಥವು ಸಾವಿರದ ನೂರಕ್ಕೂ ಮೀರಿದ್ದವು. ಒಂದರಲ್ಲೂ ಹೊಗಳಿಕೆ ಇಲ್ಲ, ಒಂದರಲ್ಲೂ ‘ನಮ್ಮ’ ಇಲ್ಲ.

ಅಂಗಡಿಯವರೇ ಕಳಿಸುವ ವಿವರಣೆಗಳಲ್ಲಿ ಅದು ತುಂಬಿ ತುಳುಕುತ್ತಿತ್ತು. ‘ನಮ್ಮಲ್ಲಿ ನುರಿತ ಕೆಲಸಗಾರರಿದ್ದಾರೆ’, ‘ನಮ್ಮ ಹೆಮ್ಮೆಯ ಸೇವೆ’. ಕೆಲವರು ಜಾಣರು, ಹೊರಗಿನವರು ಬರೆದ ಹಾಗೆ ಬರೆದು ಕಳಿಸುವರು. ಎಲ್ಲೋ ಮೂರನೇ ಸಾಲಿನಲ್ಲಿ ‘ನಮ್ಮ’ ಇಣುಕಿ ನೋಡುವುದು. ಆಕೆ ಅಲ್ಲೇ ಹಿಡಿಯುವಳು. ತನ್ನದು ಅನ್ನಿಸಿದ್ದನ್ನು ಮನುಷ್ಯ ಎಷ್ಟು ಬಚ್ಚಿಟ್ಟರೂ ಬೆರಳು ಬಚ್ಚಿಡುವುದಿಲ್ಲ ಎನ್ನುವುದು ಆಕೆಯ ಸಿದ್ಧಾಂತ. ಬಿಟ್ಟಿ ಚಾಕರಿಗೆ ಸಿದ್ಧಾಂತ ಬೇರೆ ಕೇಡು ಎಂದು ಗಂಡ ಛೇಡಿಸುವನು, ಚಹಾ ಮಾತ್ರ ತಾನೇ ಮಾಡಿ ತಂದು ಮೇಜಿನ ತುದಿಗಿಡುವನು.

ಎರಡನೇ ವರ್ಷ ಬಂದವನು ಶಿಷ್ಯ. ಬೇರೆ ಊರಿನವನು, ತಾಣಗಳ ಹುಚ್ಚು, ಸಂಪಾದಕನಾಗಬೇಕೆಂದು ಅರ್ಜಿ ಹಾಕಿದ್ದ. ಮೇಲ್ವಿಚಾರಕ ಅವನನ್ನು ತಿದ್ದಲು ಈಕೆಗೆ ಒಪ್ಪಿಸಿದ. ಎಂಕ್ವೈರಿಯಮ್ಮ ತಿದ್ದಿದ್ದೇ ತಿದ್ದಿದ್ದು. ಅವನು ಒಂದಕ್ಕೂ ಮುಖ ಗಂಟು ಹಾಕಿದವನಲ್ಲ, ವರ್ಷದೊಳಗೆ ತಾನೂ ಇನ್ನೊಂದು ವಿಭಾಗಕ್ಕೆ ಸಂಪಾದಕನಾದ. ಮಿಂಚಂಚೆಯಲ್ಲಿ ಬರುವ ಅವನ ಪ್ರತಿ ಪತ್ರವೂ ‘ನಮ್ಮಕ್ಕನಿಗೆ ನಮಸ್ಕಾರ’ ಎಂದೇ ಶುರುವಾಗುತ್ತಿತ್ತು. ಊರಿಗೆಲ್ಲ ಅಮ್ಮನಾಗಿದ್ದವಳಿಗೆ ಅಕ್ಕನಾಗುವುದು ಹಿತವೆನಿಸಿತೋ ಏನೋ, ಮೊದಲ ಪತ್ರದಲ್ಲಿ ಆ ಪದಕ್ಕೆ ಗೆರೆ ಎಳೆಯಲು ಕೈಯೆತ್ತಿದವಳು ಸುಮ್ಮನಾದಳು. ಬೆಕ್ಕಿಗೆ ಕಾಲುನೋವಾದರೆ ಅವನಿಗೆ ಬರೆಯುವಳು, ಗಂಡನ ಕಣ್ಣಿನ ಆಪರೇಷನ್ನಿನ ದಿನ ಆಸ್ಪತ್ರೆಯಿಂದ ಬಂದವಳೇ ಅವನಿಗೆ ಬರೆದಳು. ಒಂದು ಸಲವಾದರೂ ನಿಮ್ಮ ದನಿ ಕೇಳಬೇಕು ಅಕ್ಕಾ ಎಂದು ಅವನು ಬರೆದಾಗ, ದನಿ ನೌಕರಿಯಲ್ಲೇ ಮುಗಿಯಿತು, ಇನ್ನೇನಿದ್ದರೂ ಅಕ್ಷರ ಎಂದು ಉತ್ತರಿಸಿದಳು. ಹೀಗೆ ಆರು ವರ್ಷ. ಗಂಡ ಅವನನ್ನು ಶಿಷ್ಯೋತ್ತಮ ಎಂದು ಕರೆಯುತ್ತಿದ್ದ, ಅದರಲ್ಲಿ ಸ್ವಲ್ಪ ಹೊಟ್ಟೆಕಿಚ್ಚೂ ಇತ್ತು.

ಆಕೆಗೆ ಒಡಹುಟ್ಟಿದ ತಮ್ಮ ಒಬ್ಬನಿದ್ದ. ಹೊಲಿಗೆ ಯಂತ್ರ ರಿಪೇರಿಯವನು. ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ ಎಣ್ಣೆ ವಾಸನೆಯ ಸಣ್ಣ ಅಂಗಡಿ, ಕಂಬಿಗೆ ತೂಗುಹಾಕಿದ ಬೆಲ್ಟುಗಳು, ಡಬ್ಬಿಗಳ ತುಂಬ ಬಾಬಿನ್ನುಗಳು. ಅವನೂ ಒಂದು ತಾಣ ಮಾಡಿಸಿದ. ಅಕ್ಕ ಪಟ್ಟಿಗೆ ಸೇರಿಸುತ್ತಾಳೆಂದು ಕಾದ. ಅಕ್ಕ ಸೇರಿಸಲಿಲ್ಲ. ಬಂಧುಗಳ ಅಂಗಡಿಯನ್ನು ಸಂಪಾದಕರು ಮುಟ್ಟಕೂಡದು, ಇನ್ನೊಬ್ಬರು ನೋಡಿ ಒಪ್ಪಿ, ಅದನ್ನು ಒಳಟಿಪ್ಪಣಿಯಲ್ಲಿ ದಾಖಲಿಸಬೇಕು, ಅದು ನಿಯಮ. ತಮ್ಮನಿಗೆ ಇದನ್ನು ಎಷ್ಟು ಬಿಡಿಸಿ ಹೇಳಿದರೂ, ಯಾರ್ಯಾರಿಗೋ ಮಾಡ್ತೀಯ, ನನಗೆ ಮಾತ್ರ ಆಗಲ್ಲ ಅಲ್ವಾ ಎನ್ನುವುದೊಂದೇ ಅವನ ಮಾತು. ದಿನಾ ಸಂಜೆ ಬಂದು ಹೋಗುತ್ತಿದ್ದವನು ಬರುವುದು ಕಡಿಮೆ ಮಾಡಿದ.

ಎಂಟು ತಿಂಗಳು ಹೀಗೇ ಕಳೆದ ಮೇಲೆ ಎಂಕ್ವೈರಿಯಮ್ಮ ಶಿಷ್ಯನಿಗೆ ಬರೆದಳು: ಇದು ನನ್ನ ತಮ್ಮನ ಅಂಗಡಿ, ನಾನು ಮುಟ್ಟುವ ಹಾಗಿಲ್ಲ, ನೀನೇ ನೋಡಿ ಸೇರಿಸಿ ಟಿಪ್ಪಣಿ ಹಾಕು. ಮರುದಿನವೇ ಉತ್ತರ ಬಂತು. ‘ನಮ್ಮಕ್ಕನಿಗೆ ನಮಸ್ಕಾರ. ನೋಡಿದೆ, ಎಲ್ಲ ಸರಿಯಾಗಿದೆ. ನಿಮ್ಮ ವಿಭಾಗಕ್ಕೆ ನಾನ್ಯಾಕೆ ಕೈ ಹಾಕಲಿ, ನೀವೇ ಸೇರಿಸಿ. ಟಿಪ್ಪಣಿ ಹಾಕಿದರೆ ನಾಳೆ ಯಾರಾದರೂ ಸುಮ್ಮನೆ ಕೆದಕುತ್ತಾರೆ. ನಾನು ನೋಡಿದ್ದೇನಲ್ಲ, ನಮ್ಮ ನಮ್ಮಲ್ಲಿ ಎಂಥದ್ದು.’

ಆಕೆ ಆ ಪತ್ರವನ್ನು ಎರಡು ಸಲ ಓದಿದಳು. ಬೇರೆ ಯಾರಾದರೂ ಹೀಗೆ ಬರೆದಿದ್ದರೆ ಕೊನೆಯ ಸಾಲಿಗೆ ಕೆಂಪು ಗೆರೆ ಬೀಳುತ್ತಿತ್ತು. ಆರು ವರ್ಷ ಅಕ್ಕಾ ಎಂದವನ ಮಾತು, ಕಣ್ಮುಂದೆ ತಮ್ಮನ ಸಪ್ಪೆ ಮುಖ. ‘ಹೊಲಿಗೆ ಯಂತ್ರಗಳ ದುರಸ್ತಿ. ಕೈ ಯಂತ್ರ, ಕಾಲು ಯಂತ್ರ, ಬಿಡಿಭಾಗಗಳು. ಭಾನುವಾರ ರಜೆ’ ಎಂದು ಬರೆದು ಸೇರಿಸಿಯೇಬಿಟ್ಟಳು. ಒಳಟಿಪ್ಪಣಿಯ ಜಾಗ ಖಾಲಿ ಉಳಿಯಿತು. ಅವತ್ತು ಸಂಜೆ ತಮ್ಮ ಬಂದು ಎರಡು ಲೋಟ ಚಹಾ ಕುಡಿದು, ಭಾವನ ಜೊತೆ ಏಳರವರೆಗೂ ಹರಟೆ ಹೊಡೆದು ಹೋದ.

ಮೂರು ವಾರದ ನಂತರ ಒಂದು ಮಧ್ಯಾಹ್ನ ಎರಡು ಗಂಟೆಗೆ ಕೂತರೆ ಪಟ್ಟಿಯ ಬಾಗಿಲು ತೆರೆಯಲಿಲ್ಲ. ಗುಪ್ತಪದ ತಪ್ಪಾಯಿತೇನೋ ಎಂದು ನಾಲ್ಕು ಸಲ ಹೊಡೆದಳು. ಆಮೇಲೆ ಮಿಂಚಂಚೆ ತೆರೆದಳು. ಮೇಲ್ವಿಚಾರಕನ ಪತ್ರ, ಕಡ್ಡಿ ಮುರಿದ ಹಾಗೆ: ನಿಮ್ಮ ಸಂಪಾದಕತ್ವ ರದ್ದಾಗಿದೆ. ಬಂದ ದೂರನ್ನು ಪರಿಶೀಲಿಸಿ ನಿಜವೆಂದು ಕಂಡುಕೊಂಡಿದ್ದೇವೆ. ದೂರುದಾರರ ಗುರುತನ್ನು ಹೇಳಲಾಗುವುದಿಲ್ಲ. ಆಕ್ಷೇಪವಿದ್ದರೆ ಹದಿನೈದು ದಿನದೊಳಗೆ ಮೇಲ್ಮನವಿ ಸಲ್ಲಿಸಿ. ಕೆಳಗೆ ದೂರಿನ ಒಂದು ಸಾಲನ್ನು ಹಾಗೇ ಎತ್ತಿ ಹಾಕಿದ್ದರು.

ಆ ಸಾಲನ್ನು ಆಕೆ ಓದಲೇ ಇಲ್ಲ ಎನ್ನಬೇಕು. ‘ತಮ್ಮನ ಅಂಗಡಿ’, ‘ಟಿಪ್ಪಣಿ ಇಲ್ಲದೆ’ ಎಂಬ ಎರಡು ತುಣುಕು ಕಣ್ಣಿಗೆ ಹೊಡೆದವು, ಉಳಿದದ್ದು ಮಸುಕಾಯಿತು. ಇಪ್ಪತ್ತೆಂಟು ವರ್ಷದಲ್ಲಿ ಒಂದು ಮೆಮೊ ಬಿಟ್ಟರೆ ಯಾರಿಂದಲೂ ಬೊಟ್ಟು ಮಾಡಿಸಿಕೊಂಡವಳಲ್ಲ. ನಾಚಿಕೆಯಾಯಿತು. ಗಂಡನಿಗೆ ಹೇಳಲಿಲ್ಲ. ಮೊದಲು ಬರೆದದ್ದು ಶಿಷ್ಯನಿಗೆ: ನೀನು ನೋಡಿದ್ದೀಯೆಂದು ಒಂದು ಮಾತು ಅವರಿಗೆ ಹೇಳು, ಸಾಕು.

ಉತ್ತರ ಅರ್ಧ ಗಂಟೆಯಲ್ಲಿ ಬಂತು. ‘ನಮ್ಮಕ್ಕನಿಗೆ ನಮಸ್ಕಾರ. ವಿಷಯ ತಿಳಿದು ಕೈಕಾಲೇ ಆಡುತ್ತಿಲ್ಲ. ನಾನು ಮೇಲಿನವರ ಜೊತೆ ಮಾತಾಡುತ್ತಿದ್ದೇನೆ. ನೀವು ಮಾತ್ರ ಮೇಲ್ಮನವಿ ಹಾಕಬೇಡಿ, ಹಾಕಿದರೆ ಹಟಕ್ಕೆ ಬೀಳುತ್ತಾರೆ. ನನ್ನ ಮೇಲೆ ಬಿಡಿ.’ ಆಕೆ ಅವನ ಮೇಲೆ ಬಿಟ್ಟಳು. ಐದು ದಿನ, ಹತ್ತು ದಿನ. ಎರಡು ಗಂಟೆಗೆ ಕೂರುವ ಅಭ್ಯಾಸ ಬಿಡಲಾಗದೆ ಕಂಪ್ಯೂಟರಿನ ಮುಂದೆ ಕೂತು ಬಟಾಣಿ ಸುಲಿದಳು. ಹದಿನಾರನೇ ದಿನ ತಮ್ಮ ಬಂದ. ಕೂರಲಿಲ್ಲ. ಬಾಗಿಲ ಚೌಕಟ್ಟಿಗೆ ಕೈ ಕೊಟ್ಟು ನಿಂತು, ತನ್ನ ಅಂಗಡಿಯ ಹೆಸರು ಪಟ್ಟಿಯಲ್ಲಿಲ್ಲ, ಮತ್ತೆ ಅರ್ಜಿ ಹಾಕಿದರೆ ನಿಷೇಧಿತ ಎಂದು ಬರುತ್ತಿದೆ ಎಂದ.

“ಹಾಕಿದ್ದೂ ನೀನೇ, ಕಿತ್ತಿದ್ದೂ ನೀನೇ. ಇಷ್ಟವಿಲ್ಲ ಅಂತ ಮೊದಲೇ ಹೇಳಿದ್ರೆ ಆಗ್ತಿತ್ತಲ್ಲ ಅಕ್ಕಾ. ಗಿರಾಕಿಗಳ ಮುಂದೆ ನನ್ನನ್ನ ಕಳ್ಳನ ಹಾಗೆ ಯಾಕೆ ಮಾಡಿದೆ?”

ಆಕೆ ಬಾಯಿ ತೆರೆಯುವಷ್ಟರಲ್ಲಿ ಅವನು ಮೆಟ್ಟಿಲಿಳಿದು ಹೋಗಿದ್ದ. ಆಗ ಗಂಡನಿಗೆ ಎಲ್ಲ ಹೇಳಬೇಕಾಯಿತು. ಅವನು ಛೇಡಿಸಲಿಲ್ಲ. ಕನ್ನಡಕ ಹಾಕಿಕೊಂಡು, ಆ ಪತ್ರ ತೋರಿಸು ಎಂದು ಪಕ್ಕದಲ್ಲಿ ಕೂತು, ಟೈಮ್‌ಕೀಪರು ಬಸ್ಸುಗಳ ವೇಳೆ ಓದುವ ಹಾಗೆ ಜೋರಾಗಿ ಓದಿದ. ದೂರಿನ ಸಾಲಿಗೆ ಬಂದ: “‘ನಮ್ಮಕ್ಕ ಅವರು ಸ್ವಂತ ತಮ್ಮನ ಅಂಗಡಿಯನ್ನು ಟಿಪ್ಪಣಿ ಇಲ್ಲದೆ ಸೇರಿಸಿ, ಇಡೀ ವಿಭಾಗದ ವಿಶ್ವಾಸಕ್ಕೆ ಧಕ್ಕೆ ತಂದಿದ್ದಾರೆ.’”

“ಮೊದಲನೇ ಪದ ಇನ್ನೊಂದ್ಸಲ ಓದಿ,” ಎಂದಳು.

ಅವನು ಓದಿದ. ಓದಿ ಹೆಂಡತಿಯ ಮುಖ ನೋಡಿದ.

ಆಕೆಯನ್ನು ಹಾಗೆ ಬರೆಯುತ್ತಿದ್ದವನು ಇಡೀ ಭೂಮಿಯ ಮೇಲೆ ಒಬ್ಬನೇ. ಆರು ವರ್ಷ ಪ್ರತಿ ಪತ್ರದ ತಲೆಗೆ ಬರೆದು ಬರೆದು ರೂಢಿಯಾಗಿದ್ದ ಪದವನ್ನು, ಆಕೆಯ ಕುತ್ತಿಗೆಗೆ ಕೈ ಹಾಕುವಾಗಲೂ ಬೆರಳು ತಾನಾಗಿ ಬರೆದಿತ್ತು. ಊರವರ ವಿವರಣೆಗಳಲ್ಲಿ ಅಡಗಿದ್ದ ‘ನಮ್ಮ’ವನ್ನೆಲ್ಲ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಹಿಡಿದವಳು, ತನ್ನ ಮೇಲಿನ ದೂರಿನ ಮೊದಲ ಪದದಲ್ಲೇ ಕೂತಿದ್ದನ್ನು ಹದಿನಾರು ದಿನ ನೋಡಿರಲಿಲ್ಲ.  ತಮ್ಮ ಎನ್ನುವಷ್ಟು ಹಚ್ಚಿಕೊಂಡಿದ್ದೆನಲ್ಲ, ಬೆಕ್ಕಿನ ಕಾಲುನೋವಿನವರೆಗೆ ಹೇಳಿಕೊಂಡೆನಲ್ಲ ಎಂದು ಗಂಡನ ಮುಂದೆಯೇ ಅತ್ತಳು. ಶಿಷ್ಯನ ಹಳೆಯ ಪತ್ರವನ್ನು ಸೇರಿಸಿ ಮೇಲ್ವಿಚಾರಕನಿಗೆ ಬರೆದಳು. ಮೇಲ್ಮನವಿಯ ಅವಧಿ ಮುಗಿದಿದೆ ಎಂದು ಸಂಜೆಯೊಳಗೆ ಉತ್ತರ ಬಂತು. ಅವಧಿ ಮುಗಿಯುವವರೆಗೆ ಕೈ ಕಟ್ಟಿ ಕೂರಿಸಿದ್ದವನೂ ಅವನೇ ಅಲ್ಲವೇ.

ಯಾಕೆ ಎನ್ನುವುದು ಮಾತ್ರ ಗೊತ್ತಾಗಬೇಕಿತ್ತು. ಒಳಗೆ ಹೋಗಲು ಬಿಡದಿದ್ದರೂ ಪಟ್ಟಿಯನ್ನು ಹೊರಗಿನಿಂದ ಯಾರು ಬೇಕಾದರೂ ನೋಡಬಹುದು. ಮರುದಿನ ಬೆಳಗ್ಗೆ ದುರಸ್ತಿ ವಿಭಾಗ ತೆರೆದಳು. ತುದಿಯಲ್ಲಿ ಸಂಪಾದಕರ ಜಾಗದಲ್ಲಿ ಶಿಷ್ಯನ ಹೆಸರು. ಅದು ಆಕೆ ಊಹಿಸಿದ್ದೇ. ಮೇಲಿನ ಮೂವತ್ತೆಂಟು ನಮೂದುಗಳು ಹೊಸವು: ‘ನಮ್ಮಲ್ಲಿ ಅತ್ಯುತ್ತಮ ಸೇವೆ’, ‘ನಮ್ಮ ಪರಿಣತರ ತಂಡ’, ‘ಒಮ್ಮೆ ಬನ್ನಿ, ನಮ್ಮವರಾಗಿ’. ಕೊಡೆಯ ಮುದುಕನನ್ನು ಹುಡುಕಿದಳು. ಇರಲಿಲ್ಲ. ಶಾಯಿ ಪೆನ್ನಿನವರು ಮೊದಲು ಐದು ಜನರಿದ್ದರು, ಈಗ ಒಬ್ಬರೂ ಇರಲಿಲ್ಲ. ಹೊಸ ತಾಣಗಳನ್ನು ಒಂದೊಂದಾಗಿ ಹಳೆಯ ಅಭ್ಯಾಸದಂತೆ ತುದಿಯವರೆಗೆ ಓದಿದಳು. ಮೂವತ್ತೆಂಟರ ಅಡಿಯಲ್ಲೂ ತಾಣ ಮಾಡಿಕೊಟ್ಟವರದು ಎಂದು ಒಂದೇ ಫೋನ್ ನಂಬರು.

ಗಂಡ ಡಿಪೋಗೆ ಹೊರಟವನು ಬಾಗಿಲಲ್ಲಿ ನಿಂತು, ಫೋನು ಮಾಡ್ತೀಯಾ ಎಂದು ಕೇಳಿದ. ನಂಬರ್ ಕೊಟ್ಟಿದ್ದಾರೆ, ಅಂಗಡಿ ಇದೆಯೋ ಇಲ್ಲವೋ ನೋಡಬೇಕಲ್ಲ ಎಂದಳು. ಅವನು ಚಪ್ಪಲಿ ಬಿಟ್ಟು ಒಳಗೆ ಬಂದು ಕೂತ. ಹನ್ನೊಂದು ಗಂಟೆಯ ಹೊತ್ತು, ಬೀದಿಯಲ್ಲಿ ತರಕಾರಿ ಗಾಡಿಯ ಸದ್ದು. ಆಕೆ ಬೆನ್ನು ನೆಟ್ಟಗೆ ಮಾಡಿಕೊಂಡು, ಮೂರನೇ ಕುರ್ಚಿಯಲ್ಲಿ ಕೂರುತ್ತಿದ್ದ ಹಾಗೆ ಕೂತು, ನಂಬರು ಒತ್ತಿದಳು.

ಎತ್ತಿದವನ ದನಿ ಮೆತ್ತಗಿತ್ತು, ಜೇನು ಸವರಿದ ಹಾಗೆ. ನಮಸ್ಕಾರ, ಹೇಳಿ ಅಮ್ಮಾ ಎಂದ. ಹೊಲಿಗೆ ಯಂತ್ರ ರಿಪೇರಿ ಅಂಗಡಿಯೊಂದನ್ನು ದೊಡ್ಡ ಪಟ್ಟಿಗೆ ಸೇರಿಸಬೇಕಿತ್ತು, ಆಗುತ್ತದೆಯೇ ಎಂದು ಆಕೆ ಕೇಳಿದಳು. ಯಾಕಾಗಲ್ಲ, ತಾಣ ನಮ್ಮಿಂದ ಮಾಡಿಸಿದರೆ ಒಂದೇ ವಾರದಲ್ಲಿ ಹೆಸರು ಮೇಲೇ ಬರುತ್ತದೆ ಎಂದ ಅವನು.

“ಅಲ್ಲಿ ಯಾರೋ ಒಬ್ಬರು ತುಂಬಾ ಕಟ್ಟುನಿಟ್ಟು ಅಂತ ಕೇಳಿದ್ದೆ,” ಎಂದಳು.

“ಇದ್ರು, ವಯಸ್ಸಾದವರು. ಪಾಪ ಒಳ್ಳೆಯವರೇ, ಆದ್ರೆ ಒಂದೂ ಮುಂದಕ್ಕೆ ಹೋಗೋದಕ್ಕೆ ಬಿಡ್ತಿರಲಿಲ್ಲ. ಈಗ ಅವರೇ ಬಿಟ್ಟುಬಿಟ್ರು. ಆ ವಿಭಾಗ ಈಗ ಪೂರ್ತಿ ನಮ್ಮದೇ, ನೀವು ಯೋಚನೆ ಮಾಡಬೇಡಿ.”

“ಅವರೇ ಬಿಟ್ರಾ?”

“ಹೂಂ, ಅವರೇ. ನನಗೆ ಬೇಕಾದವರೇ ಅವರು. ನಿಮ್ಮ ಹೆಸರು ಹೇಳಿ, ಬರ್ಕೋತೀನಿ.”

ಪೆನ್ನಿನ ಮುಚ್ಚಳ ತೆಗೆದ ಸದ್ದು ಕೇಳಿಸಿತು. ಎಂಕ್ವೈರಿಯಮ್ಮ ಗೋಡೆಯ ಮೇಲಿನ ಕಾಗದದ ಕಡೆ ಒಮ್ಮೆ ನೋಡಿದಳು.

“ನಮ್ಮಕ್ಕ ಅಂತ ಬರ್ಕೋಪ್ಪ.”

ಆ ಕಡೆ ಏನೂ ಇಲ್ಲ. ಲೈನು ಸತ್ತರೆ ಒಂದು ಬಗೆಯ ಮೌನ, ಮನುಷ್ಯ ಉಸಿರು ಹಿಡಿದರೆ ಇನ್ನೊಂದು ಬಗೆಯದು. ಇಪ್ಪತ್ತೆಂಟು ವರ್ಷ ಎರಡನ್ನೂ ಕೇಳಿದ್ದವಳು ಅವನು ಅಲ್ಲೇ ಇದ್ದಾನೆಂದು ತಿಳಿದು ಕಾದಳು. ಕ್ಷಮಿಸಿ ಎನ್ನಬಹುದು, ಸುಳ್ಳು ಹೇಳಬಹುದು, ಅಳಬಹುದು. ಏನಾದರೂ ಹೇಳಲಿ, ಪೂರ್ತಿ ಕೇಳಿಸಿಕೊಳ್ಳುತ್ತೇನೆ ಎಂದೇ ಆಕೆ ಅಂದುಕೊಂಡಿದ್ದಳು. ಗಂಡ ಕುರ್ಚಿಯ ಅಂಚಿಗೆ ಸರಿದ.

“ಅಕ್ಕಾ,” ಎಂದ ಅವನು ಕೊನೆಗೆ, “ನಮ್ಮ—”

ನೌಕರಿಯುದ್ದಕ್ಕೂ ಯಾರ ಮಾತನ್ನೂ ಮಧ್ಯದಲ್ಲಿ ಕಡಿದವಳಲ್ಲ ಆಕೆ. ಆ ಪದ ಕಿವಿಗೆ ಬಿದ್ದದ್ದೇ ಲೈನು ಕಡಿದಳು. ರಿಸೀವರನ್ನು ಇಟ್ಟು, ಸೆರಗಿನಿಂದ ಕೈ ಒರೆಸಿಕೊಂಡು, ತಮ್ಮನ ಅಂಗಡಿ ಈಗ ತೆಗೆದಿರುತ್ತದಲ್ಲ, ಹೋಗಿ ಬರೋಣವೇ ಎಂದು ಗಂಡನನ್ನು ಕೇಳಿದಳು.